ಎಪ್ಪತ್ತೆರಡು ಗಂಟು ಬಟ್ಟೆ ಮತ್ತು ಮತಗಟ್ಟೆ ನಲವತ್ತೇಳು

ಮತಗಟ್ಟೆಗಳನ್ನು ಕೂಡಿಸುವ, ಕಳೆಯುವ ಅಧಿಕಾರ ಹೊತ್ತಿರುವ ಮಾನ್ಯರೇ,

ನಮ್ಮ ಬೀದಿಯ ಶಾಲೆಯಲ್ಲಿರುವ ಮತಗಟ್ಟೆ ಸಂಖ್ಯೆ ನಲವತ್ತೇಳನ್ನು ಮುಚ್ಚಿ, ರೈಲು ಹಳಿಯ ಆಚೆಗಿರುವ ನಲವತ್ತೆಂಟಕ್ಕೆ ಸೇರಿಸಲು ತಾವು ಹೊರಟಿದ್ದೀರಿ. ತಾವು ಕೊಟ್ಟಿರುವ ಕಾರಣ ಒಂದೇ: ಇಲ್ಲಿನ ಜನ ಮತ ಹಾಕುವುದಿಲ್ಲ, ಪಟ್ಟಿಯಲ್ಲಿರುವವರಲ್ಲಿ ನೂರಕ್ಕೆ ಮೂವತ್ತೈದು ಜನ ಮಾತ್ರ ಬರುತ್ತಾರೆ, ಅಷ್ಟಕ್ಕಾಗಿ ಒಂದು ಮತಗಟ್ಟೆ ದಂಡ. ಈ ಪತ್ರ ಬರೆಯಲು ನನಗೆ ಎರಡು ಕಾರಣಗಳಿವೆ. ಮೊದಲನೆಯದು, ಆ ಮೂವತ್ತೈದು ಎಂಬುದು ಸುಳ್ಳು. ಎರಡನೆಯದು, ಆ ಸುಳ್ಳು ಹೇಳಿದವಳು ನಾನು.

ನಾನು ಶಾಲೆಯ ಎದುರಿನ ಮೂಲೆಯಲ್ಲಿ ಇಸ್ತ್ರಿ ಅಂಗಡಿ ನಡೆಸುವವಳು. ನನಗಿಂತ ಮೊದಲು ಇದೇ ಮೇಜಿನ ಹಿಂದೆ ನನ್ನ ಅತ್ತೆ ನಿಂತಿದ್ದರು. ಈಗ ಅವರಿಗೆ ಎಂಬತ್ತೊಂದು. ನಿಲ್ಲುವುದು ಬಿಟ್ಟು ಮೇಜಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ, ನಾನು ಕಾಲರ್ ಸರಿಯಾಗಿ ಒತ್ತಿದೆನೋ ಇಲ್ಲವೋ ನೋಡುತ್ತಾರೆ. ಮತದಾನದ ಹಕ್ಕು ಬಂದ ದಿನದಿಂದ ಒಂದು ಚುನಾವಣೆಯನ್ನೂ ತಪ್ಪಿಸಿಲ್ಲ. ಹೆರಿಗೆಯಾದ ಮೂರನೇ ದಿನ ಹೋಗಿ ಹಾಕಿ ಬಂದಿದ್ದಾರೆ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಹೋಗಿ ಹಾಕಿದ್ದಾರೆ. ಹಳಿಯ ಆಚೆಗೆ ಹೋಗಬೇಕಾದರೆ ಮೇಲ್ಸೇತುವೆ ಹತ್ತಬೇಕು. ಹತ್ತಲು ನಲವತ್ತೇಳು ಮೆಟ್ಟಿಲು, ಇಳಿಯಲು ನಲವತ್ತೇಳು. ತಮ್ಮ ನಿರ್ಧಾರ ಕೇಳಿದ ದಿನ ಅತ್ತೆ ಒಂದೇ ಮಾತು ಹೇಳಿದರು: "ಆ ಸೇತುವೆ ನಾನು ದಾಟಲ್ಲ. ಈ ಸಲ ನನ್ನ ವೋಟು ಹೋಯ್ತು ಅಂತ ಅಂದ್ಕೋ." ಮೊಣಕಾಲು ಅದಕ್ಕೆ ಅರ್ಧ ಕಾರಣ. ಉಳಿದ ಅರ್ಧವನ್ನು ಮುಂದೆ ಹೇಳುತ್ತೇನೆ, ಹೇಳಲು ಸ್ವಲ್ಪ ಧೈರ್ಯ ತಂದುಕೊಳ್ಳಬೇಕು.

ತಮ್ಮ ಗೋಪ್ಯ ವರದಿ ನನಗೆ ಹೇಗೆ ಸಿಕ್ಕಿತು ಎಂದು ತನಿಖೆ ಮಾಡಿಸುವ ಶ್ರಮ ಬೇಡ. ಕೆಜಿ ಲೆಕ್ಕದಲ್ಲಿ ಸಿಕ್ಕಿತು. ಇಸ್ತ್ರಿ ಮಾಡಿದ ಬಟ್ಟೆ ಸುತ್ತಿಕೊಡಲು ನಾನು ರದ್ದಿ ಅಂಗಡಿಯಿಂದ ಹಳೆ ಪೇಪರ್ ತರುತ್ತೇನೆ. ಕಳೆದ ತಿಂಗಳು ತಂದ ಕಟ್ಟಿನಲ್ಲಿ ಸುದ್ದಿಪತ್ರಿಕೆಯ ಬದಲು ತಮ್ಮ ಕಚೇರಿಯ 'ಮತಗಟ್ಟೆವಾರು ಜನಸಂಖ್ಯಾ ಸ್ವರೂಪ, ರಾಜಕೀಯ ಒಲವು ಹಾಗೂ ಮತದಾನ ಪ್ರಮಾಣ: ಒಂದು ಅಧ್ಯಯನ' ಎಂಬ ಗ್ರಂಥದ ಇಪ್ಪತ್ತೆರಡು ಪ್ರತಿಗಳಿದ್ದವು. ಒಂದರ ಪುಟವನ್ನೂ ಯಾರೂ ತಿರುವಿರಲಿಲ್ಲ, ಅಂಚು ಚೂಪಾಗಿತ್ತು. ಮುನ್ನುಡಿಯನ್ನು ಹಲ್ಲಿನ ಡಾಕ್ಟರ ಪ್ಯಾಂಟಿಗೆ ಸುತ್ತಿದೆ. ಎರಡನೇ ಅಧ್ಯಾಯ ನರ್ಸುಗಳ ಬಿಳಿ ಕೋಟಿಗೆ ಹೋಯಿತು. ಸುತ್ತುವ ಮುಂಚೆ ಓದುವ ಕೆಟ್ಟ ಅಭ್ಯಾಸ ನನಗಿದೆ. ಓದುತ್ತಾ ಓದುತ್ತಾ ಮೂವತ್ತೇಳನೇ ಪುಟಕ್ಕೆ ಬಂದಾಗ ನಮ್ಮದೇ ಬೀದಿ ಸಿಕ್ಕಿತು. ಇಸ್ತ್ರಿ ಪೆಟ್ಟಿಗೆ ಇಟ್ಟಲ್ಲೇ ಉಳಿಯಿತು, ಒಂದು ಶರ್ಟಿನ ಬೆನ್ನು ಸುಟ್ಟಿತು. ಆ ಶರ್ಟನ್ನು ತಮ್ಮ ಕಚೇರಿ ಭರ್ತಿ ಮಾಡಿಕೊಡಬೇಕೆಂದು ನಾನು ಕೇಳುತ್ತಿಲ್ಲ, ಕೇಳಬಹುದಿತ್ತು ಅಷ್ಟೆ.

ಮೂವತ್ತೇಳನೇ ಪುಟ ಹೇಳುವುದಿಷ್ಟು. ಮತಗಟ್ಟೆ ನಲವತ್ತೇಳರಲ್ಲಿ ನೂರಕ್ಕೆ ಎಪ್ಪತ್ನಾಲ್ಕು ಜನ ಬಾಡಿಗೆದಾರರು. ನೂರಕ್ಕೆ ಅರವತ್ತೊಂದು ಜನ ಮೂವತ್ತೈದರ ಒಳಗಿನ ತರುಣರು. ಒಲವು: 'ಅನಿಶ್ಚಿತ, ಗಾಳಿ ಬೀಸಿದ ಕಡೆ'. ಮತದಾನದ ಪ್ರಮಾಣ ಮೂವತ್ತೈದು. ಷರಾ: 'ನಾಗರಿಕ ಪ್ರಜ್ಞೆಯ ತೀವ್ರ ಕೊರತೆ'. ಅದೇ ಪುಟದ ಕೆಳಗೆ ನಲವತ್ತೆಂಟು, ಹಳಿಯ ಆಚೆಯದು. ಸ್ವಂತ ಮನೆಗಳು, ಪದವೀಧರರು, ನಡುವಯಸ್ಸಿನವರು. ಒಲವು ಸ್ಥಿರ. ಪ್ರಮಾಣ ಅರವತ್ತೆರಡು. ಷರಾ: 'ಜಾಗೃತ ಮತದಾರರು'. ಆದ್ದರಿಂದ ನಮ್ಮನ್ನು ಅವರ ಜೊತೆ ಸೇರಿಸಿದರೆ ಅವರ ಜಾಗೃತಿ ನಮಗೂ ಅಂಟೀತು ಎಂಬುದು ತಮ್ಮ ಶಿಫಾರಸು. ಬಿಳಿ ಬಟ್ಟೆಯ ಜೊತೆ ಬಣ್ಣದ ಬಟ್ಟೆ ಒಗೆದರೆ ಯಾವುದಕ್ಕೆ ಯಾವುದು ಅಂಟುತ್ತದೆ ಎಂದು ನನ್ನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಮೊದಲು ಒಲವಿನ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಬಾಚಣಿಗೆ ಗುರುತಿನ ಪಕ್ಷ ಒಂದು, ಜರಡಿ ಗುರುತಿನ ಪಕ್ಷ ಒಂದು. ಚುನಾವಣೆಯ ತಿಂಗಳಲ್ಲಿ ಒಂದೇ ಮನೆಯಿಂದ ಎರಡೂ ಪಕ್ಷದ ಟೀ ಶರ್ಟು ನನ್ನ ಮೇಜಿಗೆ ಬರುತ್ತವೆ, ಎರಡನ್ನೂ ಅಷ್ಟೇ ಮುತುವರ್ಜಿಯಿಂದ ಒತ್ತುತ್ತೇನೆ. ಬಟ್ಟೆ ನೋಡಿ ಒಲವು ಹೇಳುವುದು ನನ್ನಿಂದಲೇ ಆಗದ ಮಾತು. ಇನ್ನು ಕಾಗದ ಹಿಡಿದು ಬಂದ ತಮ್ಮ ಸಮೀಕ್ಷಕರಿಂದ ಆದೀತೇ? ಅವರು ಬಂದಾಗ ನಾನು ಎದುರಿಗೇ ಇದ್ದೆ. ಮೂರು ಮಹಡಿಯ ಕಟ್ಟಡದ ಮುಂದೆ ನಿಂತು ಬಸ್ ಡ್ರೈವರಣ್ಣನನ್ನು ಕೇಳಿದರು. ಪಕ್ಕದಲ್ಲಿ ಕಟ್ಟಡದ ಓನರ್ ಕೈಕಟ್ಟಿಕೊಂಡು ನಿಂತಿದ್ದರು. ಅವರು ಹುಟ್ಟಾ ಬಾಚಣಿಗೆ.

"ನೀವು ಯಾರ ಕಡೆ ಸಾರ್?"

"ಓನರ್ ಸಾರ್ ಇಲ್ಲೇ ಇದ್ದಾರಲ್ಲ, ಅವರನ್ನೇ ಕೇಳಿ."

"ಅವರದ್ದು ಬರ್ಕೊಂಡೆ. ನಿಮ್ಮದು ಹೇಳಿ."

"ಅಲ್ಲ ಸಾರ್, ಮನೆ ಅವರದ್ದು, ನೀರಿನ ಟ್ಯಾಂಕು ಅವರದ್ದು, ಮೋಟರ್ ಸ್ವಿಚ್ಚು ಅವರ ಬೆಡ್‌ರೂಮಲ್ಲಿದೆ. ಒಲವು ಒಂದು ಮಾತ್ರ ನಂದು ಬೇರೆ ಅಂತ ಈ ಜಾಗದಲ್ಲಿ ನಿಂತು ಹೇಳೋಕಾಗುತ್ತಾ? ಬಾಚಣಿಗೆ ಅಂತ ಬರ್ಕೊಳ್ಳಿ."

ಡ್ರೈವರಣ್ಣನ ತಲೆಯಲ್ಲಿ ಬಾಚಣಿಗೆಗೆ ಕೆಲಸ ಕೊಡುವಷ್ಟು ಕೂದಲೂ ಇಲ್ಲ. ಆ ಕಟ್ಟಡದ ಆರು ಮನೆಯವರೂ ಬಾಚಣಿಗೆ ಎಂದರು. ನಮ್ಮ ಮತಗಟ್ಟೆಯ ಮತಪೆಟ್ಟಿಗೆ ತೆರೆದಾಗ ಜರಡಿ ಬಂತು. ತಾವು ಅದಕ್ಕೆ 'ಅನಿಶ್ಚಿತ ಒಲವು' ಎಂದು ಹೆಸರಿಟ್ಟಿರಿ. ಅದರಲ್ಲಿ ಅನಿಶ್ಚಿತವಾದದ್ದು ಏನಿದೆ ಸ್ವಾಮಿ? ಆ ಕಟ್ಟಡದಲ್ಲಿ ಬೆಳಿಗ್ಗೆ ಏಳಕ್ಕೆ ನೀರು ನಿಲ್ಲುತ್ತದೆ ಎಂಬುದು ಎಷ್ಟು ನಿಶ್ಚಿತವೋ ಅದೂ ಅಷ್ಟೇ ನಿಶ್ಚಿತ.

ಬಾಡಿಗೆದಾರರು ಮತ ಹಾಕುವುದು ಕಡಿಮೆ ಎಂಬ ತಮ್ಮ ಮಾತಿನಲ್ಲಿ ಸತ್ಯವೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಆದರೆ ಕಾರಣ ಪ್ರಜ್ಞೆಯದಲ್ಲ. ಬಾಡಿಗೆದಾರ ಮನೆ ಬದಲಿಸುವಾಗ ಮಂಚ ಒಯ್ಯುತ್ತಾನೆ, ಬೀರು ಒಯ್ಯುತ್ತಾನೆ, ಹೆಸರನ್ನು ಮಾತ್ರ ಹಳೆಯ ಬೀದಿಯಲ್ಲೇ ಬಿಟ್ಟು ಹೋಗುತ್ತಾನೆ. ಡ್ರೈವರಣ್ಣ ಇಲ್ಲಿಗೆ ಬಂದ ಮೇಲೂ ನಾಲ್ಕು ವರ್ಷ ಅವನ ಹೆಸರು ಮೂರು ಮನೆ ಹಿಂದಿನ ವಿಳಾಸದಲ್ಲೇ ಇತ್ತು. ಪ್ರತಿ ಚುನಾವಣೆಗೂ ಎರಡು ಬಸ್ ಬದಲಿಸಿ ಹೋಗಿ ಹಾಕಿ ಬರುತ್ತಿದ್ದ. ಅಲ್ಲಿಂದ ತೆಗೆಸಿ ಇಲ್ಲಿ ಸೇರಿಸಲು ತಮ್ಮ ಕಚೇರಿಗೆ ಏಳು ಸಲ ಹೋದ. ಹೋದವರ ಹೆಸರು ಇಲ್ಲಿ, ಬಂದವರ ಹೆಸರು ಎಲ್ಲೋ. ನಡುವೆ ತಾವು ಕುಳಿತು ಶೇಕಡಾ ತೆಗೆಯುತ್ತೀರಿ.

ಹೋದವರ ಹೆಸರು ಇಲ್ಲೇ ಏಕೆ ಉಳಿಯಿತು? ಇಲ್ಲಿಂದ ನನ್ನ ತಪ್ಪೊಪ್ಪಿಗೆ.

ಮತದಾರರ ಪಟ್ಟಿಯ ಪರಿಷ್ಕರಣೆಗೆ ಬರುವವರು ಎದುರಿನ ಶಾಲೆಯ ಟೀಚರಮ್ಮ. ಪಾಠ ಮುಗಿಸಿ, ತಲೆ ಮೇಲೆ ಸೆರಗು ಹಾಕಿಕೊಂಡು, ಮಧ್ಯಾಹ್ನದ ಬಿಸಿಲಲ್ಲಿ ಮನೆ ಮನೆ ಬಾಗಿಲು ತಟ್ಟುತ್ತಾರೆ. ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಮನೆಯಲ್ಲಿರುವುದು ಬೀಗ ಒಂದೇ. ಮೂರನೇ ಬೀಗಕ್ಕೆ ಅವರ ಕಾಲು ಸೋಲುತ್ತದೆ. ನನ್ನ ಅಂಗಡಿಗೆ ಬಂದು ನೀರು ಕುಡಿದು, ಪಟ್ಟಿ ಬಿಚ್ಚುತ್ತಾರೆ.

"ಅಕ್ಕಾ, ಹದಿನಾಲ್ಕನೇ ನಂಬರ್ ಮನೇಲಿ ಮೂರು ಜನ ಇದ್ರಲ್ಲ, ಇದ್ದಾರಾ?"

ನಾನು ಹಿಂದೆ ತಿರುಗಿ, ಗಿರಾಕಿಗಳು ಒಯ್ಯದೆ ಬಿಟ್ಟ ಬಟ್ಟೆಯ ಗಂಟುಗಳಿರುವ ಹಲಗೆ ನೋಡುತ್ತೇನೆ. "ಇದ್ದಾರೆ ಟೀಚರ್. ಬಟ್ಟೆ ಇಲ್ಲೇ ಇದೆ."

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ, ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆ ನನಗೆ ಹೇಳಿಕೊಟ್ಟದ್ದು. "ಹಲಗೆ ಮೇಲೆ ಬಟ್ಟೆ ಇರೋವರೆಗೂ ಗಿರಾಕಿ ಇದ್ದಾನೆ ಅಂತ್ಲೇ ಅರ್ಥ ಕಣೆ. ಹೋದ ಅಂತ ಬಾಯಲ್ಲಿ ಬಂತೋ, ನಾಳೆ ಆ ಬಟ್ಟೆ ಒರೆಸೋ ಬಟ್ಟೆ ಆಗುತ್ತೆ, ನಾಡಿದ್ದು ಅವನು ಬಂದು ಎದುರಿಗೆ ನಿಲ್ತಾನೆ." ಈ ಮಾತು ಎಷ್ಟೋ ಸಲ ನಿಜವಾಗಿದೆ. ಆರು ವರ್ಷದ ಮೇಲೆ ಒಬ್ಬ ಬಂದು ತನ್ನ ಕೋಟು ಕೇಳಿದ, ಹೊಟ್ಟೆಯ ಹತ್ತಿರ ಗುಂಡಿ ಹಾಕಲಾಗಲಿಲ್ಲ, ಆದರೂ ಕಣ್ಣಲ್ಲಿ ನೀರು ತಂದುಕೊಂಡು ಹೋದ. ಆದ್ದರಿಂದ ಟೀಚರಮ್ಮ ಕೇಳಿದಾಗ ನಾನು ಮನೆಯ ಕಡೆ ನೋಡುತ್ತಿರಲಿಲ್ಲ, ಹಲಗೆಯ ಕಡೆ ನೋಡುತ್ತಿದ್ದೆ. ಗಂಡ, ಹೆಂಡತಿ, ಮೈದುನ ಮೂವರೂ ಮನೆ ಖಾಲಿ ಮಾಡಿ ಐದು ವರ್ಷವಾಗಿದ್ದರೂ ಒಂದು ಪ್ಯಾಂಟು ಉಳಿದಿದ್ದರೆ ಮೂವರೂ ಇದ್ದಾರೆ. ಟೀಚರಮ್ಮ ನಂಬಿ ಟಿಕ್ ಹಾಕಿಕೊಂಡರು. ಅವರ ಮೇಲೆ ಕ್ರಮ ಬೇಡ. ನೀರು ಕೊಟ್ಟವಳ ಮಾತನ್ನು ಯಾರು ತಾನೇ ನಂಬುವುದಿಲ್ಲ?

ಈಗ ತಮ್ಮ ತರುಣರ ಒಗಟು ಬಿಡಿಸಿಕೊಳ್ಳಿ. ಇಪ್ಪತ್ತಮೂರಕ್ಕೆ ಬಂದು ಇಪ್ಪತ್ತೈದಕ್ಕೆ ಹೋದ ಹುಡುಗನಿಗೆ ಈಗ ಎಲ್ಲೋ ಮಂಡಿ ನೋವು ಶುರುವಾಗಿರಬೇಕು. ಆದರೆ ತಮ್ಮ ಅಧ್ಯಯನ, ಅವನು ಹೆಸರು ಬರೆಸಿದ ದಿನದ ವಯಸ್ಸನ್ನೇ ಎತ್ತಿಕೊಂಡಿದೆ. ಹೀಗಾಗಿ ನಮ್ಮ ಬೀದಿ ಬಿಟ್ಟು ಹೋದವರಿಗೆ ವಯಸ್ಸೇ ಆಗುವುದಿಲ್ಲ. 'ತರುಣ ಬಾಡಿಗೆದಾರರು ಮತದಾನದಲ್ಲಿ ನಿರಾಸಕ್ತರು' ಎಂದು ಅಡಿಗೆರೆ ಹಾಕಿ ಬರೆದಿದ್ದೀರಲ್ಲ, ಅವರು ತರುಣರೂ ಅಲ್ಲ, ಬಾಡಿಗೆದಾರರೂ ಅಲ್ಲ, ನಿರಾಸಕ್ತರೂ ಅಲ್ಲ. ಅವರು ನನ್ನ ಹಲಗೆ ಮೇಲಿನ ಪ್ಯಾಂಟುಗಳು. ಪ್ಯಾಂಟು ಮತಗಟ್ಟೆಗೆ ತಾನಾಗಿಯೇ ನಡೆದುಕೊಂಡು ಹೋಗುವುದಿಲ್ಲ ಎಂದು ಕಂಡುಹಿಡಿಯಲು ಇಪ್ಪತ್ತೆರಡು ಪ್ರತಿ ಅಚ್ಚು ಹಾಕಿಸಬೇಕಿತ್ತೇ?

ಹೋದ ಭಾನುವಾರ ಅಂಗಡಿ ಮುಚ್ಚಿ, ಹಲಗೆಯ ಗಂಟುಗಳನ್ನೆಲ್ಲ ಇಳಿಸಿದೆ. ಟೀಚರಮ್ಮ ಪಟ್ಟಿ ಹಿಡಿದು ಕುಳಿತರು. ಅತ್ತೆ ಸ್ಟೂಲ್ ಮೇಲೆ. ಒಟ್ಟು ಎಪ್ಪತ್ತೆರಡು ಗಂಟು. ಒಂದೊಂದು ಗಂಟಿಗೂ ಪಟ್ಟಿಯಲ್ಲಿ ಮೂವರು, ಇಬ್ಬರು, ಕೆಲವಕ್ಕೆ ಐವರು. ಟೀಚರಮ್ಮನ ಮುಖ ಒಂದೊಂದು ಗಂಟಿಗೂ ಬಿಳಿಚಿಕೊಳ್ಳುತ್ತಾ ಹೋಯಿತು. ಕೊನೆಗೆ ಲೆಕ್ಕ ಬಂತು: ಐನೂರ ನಲವತ್ತು ಹೆಸರಿನಲ್ಲಿ ಇನ್ನೂರ ಹದಿನಾರು ಜನ ಇಲ್ಲಿಲ್ಲ. ನಿಜವಾಗಿ ಇರುವವರು ಮುನ್ನೂರ ಇಪ್ಪತ್ನಾಲ್ಕು. ಮತ ಹಾಕಿದವರು ನೂರ ಎಂಬತ್ತೊಂಬತ್ತು. ನೂರಕ್ಕೆ ಐವತ್ತೆಂಟು ಆಯಿತಲ್ಲ ಸ್ವಾಮಿ. ತಮ್ಮದೇ ವರದಿಯ ಹನ್ನೊಂದನೇ ಪುಟದಲ್ಲಿ ಅಧಿಕಾರಿಗಳ ವಸತಿಗೃಹದ ಮತಗಟ್ಟೆ ಇದೆ, ತಾವೂ ಅಲ್ಲೇ ಇರುವವರು ಎಂದು ಕೇಳಿದ್ದೇನೆ. ಅಲ್ಲಿಯದು ಐವತ್ತೊಂದು. ಅದನ್ನು ಯಾವ ಸೇತುವೆಯ ಆಚೆ ಸೇರಿಸುತ್ತೀರಿ?

ಇನ್ನೊಂದು ಮಾತು. ಇನ್ನೂರ ಹದಿನಾರು ಹೆಸರು ವಾರಸುದಾರರಿಲ್ಲದೆ ಬಿದ್ದಿದ್ದವು. ಬಾಚಣಿಗೆಯವರಿಗೂ ಗೊತ್ತಿತ್ತು, ಜರಡಿಯವರಿಗೂ ಗೊತ್ತಿತ್ತು, ಬೀದಿಗೆಲ್ಲ ಗೊತ್ತಿತ್ತು. ಇಷ್ಟು ವರ್ಷದಲ್ಲಿ ಆ ಹೆಸರುಗಳಲ್ಲಿ ಒಂದೇ ಒಂದು ಕಳ್ಳವೋಟು ಬಿದ್ದಿಲ್ಲ. ನಾವು ಬಿಟ್ಟುಹೋದವರ ಬಟ್ಟೆಯನ್ನು ಉಟ್ಟಿಲ್ಲ, ವೋಟನ್ನೂ ಹಾಕಿಲ್ಲ. ಇದಕ್ಕೆ ತಮ್ಮ ಭಾಷೆಯಲ್ಲಿ 'ನಾಗರಿಕ ಪ್ರಜ್ಞೆಯ ತೀವ್ರ ಕೊರತೆ' ಎನ್ನುತ್ತಾರೆಂದು ನನಗೆ ತಿಳಿದಿರಲಿಲ್ಲ.

ಈಗ ಉಳಿದ ಅರ್ಧ ಕಾರಣ. ಎಪ್ಪತ್ತೊಂದು ಗಂಟಿಗೆ ಇನ್ನೂರ ಹದಿನೈದು ಜನ. ಎಪ್ಪತ್ತೆರಡನೆಯದು ಗಂಟಲ್ಲ, ಒಂದೇ ಒಂದು ತಿಳಿನೀಲಿ ಶರ್ಟು. ಅದು ನನ್ನ ಗಂಡನದು.

ಅವರು ಲಿಫ್ಟ್ ರಿಪೇರಿ ಮಾಡುವವರು. ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ, "ಇದನ್ನ ಒತ್ತಿಡು, ಸಂಜೆ ಬಂದು ಹಾಕ್ಕೋತೀನಿ" ಎಂದು ಆ ಶರ್ಟು ಮೇಜಿನ ಮೇಲೆ ಹಾಕಿ, ಹಳಿಯ ಆಚೆಯ ಒಂದು ಅಪಾರ್ಟ್‌ಮೆಂಟಿಗೆ ಕೆಲಸಕ್ಕೆ ಹೋದರು. ಮೂರನೇ ಮಹಡಿಗೆ ಹತ್ತಿದವರು ಇಳಿಯಲಿಲ್ಲ. ಲಿಫ್ಟು ಅದೇ ದಿನ ರಿಪೇರಿಯಾಯಿತೆಂದು ಆಮೇಲೆ ತಿಳಿಯಿತು. ಅಲ್ಲಿ ಅವರಿಗೆ ಈಗ ಬೇರೆ ಸಂಸಾರವಿದೆ, ಸ್ವಂತ ಮನೆಯಿದೆ, ಮತಗಟ್ಟೆ ನಲವತ್ತೆಂಟರಲ್ಲಿ ಹೆಸರೂ ಇದೆ. ಬೆಳಿಗ್ಗೆ ಬೇಗ ಹೋಗಿ ಹಾಕಿ ಬರುತ್ತಾರಂತೆ. ಅಂದರೆ ತಮ್ಮ ಮೂವತ್ತೇಳನೇ ಪುಟದಲ್ಲಿ ನನ್ನ ಗಂಡ ಎರಡು ಸಲ ಬರುತ್ತಾರೆ. ಮೇಲಿನ ಅರ್ಧದಲ್ಲಿ ನಾಗರಿಕ ಪ್ರಜ್ಞೆ ಇಲ್ಲದವರು, ಕೆಳಗಿನ ಅರ್ಧದಲ್ಲಿ ಜಾಗೃತ ಮತದಾರರು. ತಮ್ಮ ಅಧ್ಯಯನದಲ್ಲಿ ಪೂರ್ತಿ ಸರಿಯಾಗಿರುವುದು ಬಹುಶಃ ಇದೊಂದೇ.

ಅತ್ತೆ ಆ ದಿನದಿಂದ ನನ್ನ ಜೊತೆಗೇ ಉಳಿದರು. ಮಗನ ಮನೆಯ ಕಡೆ ತಲೆ ಹಾಕಿ ಮಲಗುವುದಿಲ್ಲ, ಆ ಸೇತುವೆಯ ಮೇಲೆ ಕಾಲಿಡುವುದಿಲ್ಲ ಎಂದು ಶಪಥ ಮಾಡಿದ್ದಾರೆ. ತಾವು ತೋರಿಸಿರುವ ನಲವತ್ತೆಂಟರ ಮತಗಟ್ಟೆ ಆ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿದೆ. ಪ್ರಜಾಪ್ರಭುತ್ವಕ್ಕಾಗಿ ಅವರು ಏನು ಬೇಕಾದರೂ ಮಾಡಿಯಾರು, ಆ ಲಿಫ್ಟಿನ ಮುಂದೆ ಸಾಲಿನಲ್ಲಿ ನಿಲ್ಲಲಾರರು.

ಪಟ್ಟಿಯಲ್ಲಿ ಅತ್ತೆ ಇನ್ನೂರ ಹನ್ನೊಂದು, ನನ್ನ ಗಂಡ ಇನ್ನೂರ ಹನ್ನೆರಡು, ನಾನು ಇನ್ನೂರ ಹದಿಮೂರು. ಪ್ರತಿ ಸಲ ಮತಗಟ್ಟೆಯಲ್ಲಿ ಕುಳಿತವರು ಕೇಳುತ್ತಾರೆ, "ಹನ್ನೆರಡು ಬರಲಿಲ್ವಾ ಅಜ್ಜಿ?" ಅತ್ತೆ ಹೇಳುತ್ತಾರೆ, "ಡ್ಯೂಟಿ ಮೇಲಿದ್ದಾನೆ." ಟೀಚರಮ್ಮ ಪ್ರತಿ ಪರಿಷ್ಕರಣೆಗೂ ಕೇಳುತ್ತಾರೆ, ನಾನು ಹೇಳುತ್ತೇನೆ, "ಬಟ್ಟೆ ಇದೆ ಟೀಚರ್." ಬೀದಿಗೆಲ್ಲ ಗೊತ್ತು, ಇಬ್ಬರೂ ಸುಳ್ಳು ಹೇಳುತ್ತಿದ್ದೇವೆಂದು. ಯಾರೂ ತಿದ್ದಲಿಲ್ಲ.

ಆ ಭಾನುವಾರ ಎಪ್ಪತ್ತೊಂದು ಗಂಟು ಮುಗಿಸಿ ನಾನು ಕೈ ಝಾಡಿಸಿಕೊಂಡೆ. ಅತ್ತೆ ಹಲಗೆಯ ಮೂಲೆ ನೋಡುತ್ತಿದ್ದರು.

"ಅದನ್ನ ಯಾಕೆ ಬಿಟ್ಟೆ?"

"ಅದು ನಮ್ಮ ಮನೇದಲ್ವಾ ಅತ್ತೆ."

"ನಮ್ಮ ಮನೇದಾಗಿದ್ರೆ ಮೈಮೇಲೆ ಇರ್ತಿತ್ತು. ಇಳಿಸು."

ಇಳಿಸಿದೆ. ಪ್ರತಿ ತಿಂಗಳೂ ಧೂಳು ಕೊಡವಿ ಮತ್ತೆ ಒತ್ತಿಡುತ್ತಿದ್ದ ಶರ್ಟು, ಮಡಿಕೆಯ ಗೆರೆಯಲ್ಲಿ ಬಟ್ಟೆಯೇ ಸವೆದು ಹೋಗಿತ್ತು. ಟೀಚರಮ್ಮ ಪಟ್ಟಿಯಲ್ಲಿ ಮುಖ ಹುದುಗಿಸಿಕೊಂಡರು.

"ನಿಮಗೆ ಸಂಕಟ ಆಗುತ್ತೆ ಅಂತ ಹನ್ನೊಂದು ವರ್ಷ ಬಟ್ಟೆ ಇದೆ, ಬಟ್ಟೆ ಇದೆ ಅಂತಿದ್ದೆ ಅತ್ತೆ."

"ನಿನಗೆ ಸಂಕಟ ಆಗುತ್ತೆ ಅಂತ ನಾನು ಡ್ಯೂಟಿ, ಡ್ಯೂಟಿ ಅಂತಿದ್ದೆ. ಯಾವ ಡ್ಯೂಟಿ ಹನ್ನೊಂದು ವರ್ಷ ಇರುತ್ತೆ ಕಣೆ? ಒಬ್ಬಳಾದ್ರೂ ನಗಬಾರದಿತ್ತಾ?"

ಆಗ ನಕ್ಕೆವು. ನಗುತ್ತಲೇ ನನಗೆ ಅಳು ಬಂತು, ಅದನ್ನೇನು ಮುಚ್ಚಿಡಲಿ. ಟೀಚರಮ್ಮ ಹೆಸರು ತೆಗೆಸುವ ಅರ್ಜಿ ಕೊಟ್ಟರು. ಅದರಲ್ಲಿ ಕಾರಣದ ಕಾಲಂ: ಮರಣ, ಸ್ಥಳಾಂತರ, ಎರಡು ಕಡೆ ನೋಂದಣಿ. ನಾನು ಸ್ಥಳಾಂತರದ ಮೇಲೆ ಪೆನ್ನಿಟ್ಟೆ. ಅತ್ತೆ ತಡೆದರು.

"ಎರಡು ಕಡೆ ಅಂತ ಇದೆಯಲ್ಲ, ಅದಕ್ಕೂ ಹಾಕು."

"ಒಂದಕ್ಕೇ ಹಾಕ್ಬೇಕಂತೆ ಅತ್ತೆ."

"ಹಾಗಾದ್ರೆ ಅದಕ್ಕೇ ಹಾಕು. ನಡೆದದ್ದು ಅದೇ."

ಹಾಕಿದೆ. ಇನ್ನೂರ ಹದಿನಾರು ಅರ್ಜಿಗಳಲ್ಲಿ ಅದನ್ನೇ ಎಲ್ಲಕ್ಕಿಂತ ಮೇಲಿಟ್ಟು, ಈ ಪತ್ರದ ಜೊತೆ ತಮ್ಮ ಕಚೇರಿಗೆ ಕಳಿಸುತ್ತಿದ್ದೇನೆ. ಪರಿಶೀಲನೆಗೆ ಸಾಕ್ಷಿ ಬೇಕೆಂದರೆ ಎಪ್ಪತ್ತೊಂದು ಗಂಟನ್ನೂ ತಂದು ತಮ್ಮ ಮೇಜಿನ ಮೇಲೆ ಇಳಿಸಲು ಸಿದ್ಧ, ಡ್ರೈವರಣ್ಣ ಬಸ್ಸಿನಲ್ಲಿ ಹಾಕಿಕೊಂಡು ಬರುತ್ತೇನೆ ಎಂದಿದ್ದಾನೆ. ಸುಳ್ಳು ಮಾಹಿತಿ ಕೊಟ್ಟ ತಪ್ಪಿಗೆ ನನಗೆ ಏನು ಶಿಕ್ಷೆ ಇದೆಯೋ ಕೊಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ.

ನನ್ನ ಬೇಡಿಕೆ ಇಷ್ಟೆ. ಮತಗಟ್ಟೆ ನಲವತ್ತೇಳು ಇರುವಲ್ಲೇ ಇರಲಿ: ನಮ್ಮ ಶಾಲೆ, ಎರಡನೇ ತರಗತಿಯ ಕೋಣೆ, ಕಿಟಕಿಯ ಪಕ್ಕ. ಮುಂದಿನ ಚುನಾವಣೆಯಲ್ಲಿ ಆ ಕೋಣೆಯಲ್ಲಿ ಕುಳಿತವರು ಅಭ್ಯಾಸಬಲದಿಂದ "ಹನ್ನೆರಡು ಬರಲಿಲ್ವಾ ಅಜ್ಜಿ?" ಎಂದು ಕೇಳಿಯೇ ಕೇಳುತ್ತಾರೆ. "ಇಲ್ಲಪ್ಪ, ನಮ್ಮ ಮನೇಲಿ ಇಬ್ಬರೇ" ಎಂದು ಹೇಳಲು ಅತ್ತೆ ಈಗಿನಿಂದ ಅಂಗಡಿಯಲ್ಲಿ ಕುಳಿತು ಅಭ್ಯಾಸ ಮಾಡುತ್ತಿದ್ದಾರೆ. ಮೊದಲ ದಿನ 'ನಮ್ಮ ಮನೇಲಿ' ಎಂಬಲ್ಲಿಗೆ ನಿಲ್ಲಿಸಿದರು. ನಿನ್ನೆ ಪೂರ್ತಿ ಹೇಳಿದರು. ಆ ಒಂದು ಮಾತು ಹೇಳಲು ಎಂಬತ್ತೊಂದರ ಹೆಂಗಸಿಗೆ ತನ್ನ ಬೀದಿಯಲ್ಲೇ ಒಂದು ಜಾಗ ಬೇಕು ಸ್ವಾಮಿ, ದಯವಿಟ್ಟು ಅದನ್ನು ಕಿತ್ತುಕೊಳ್ಳಬೇಡಿ.

ಇಂತಿ,
ಇಷ್ಟು ವರ್ಷ ಮನುಷ್ಯರ ಬದಲು ಬಟ್ಟೆ ಎಣಿಸಿದವಳು,
ಶಾಲೆ ಎದುರಿನ ಇಸ್ತ್ರಿ ಅಂಗಡಿ,
ಕ್ರಮಸಂಖ್ಯೆ ಇನ್ನೂರ ಹದಿಮೂರು
(ತಮ್ಮ ಹೊಸ ಪಟ್ಟಿಯಲ್ಲಿ, ಸರಿಯಾಗಿ ಕಳೆದರೆ, ಅತ್ತೆಯ ಪಕ್ಕದ ಸಂಖ್ಯೆ)